ಎರಡು ವರ್ಷದ ಮಗು ಮತ್ತು ಒಂದು ಊರಿನ ಹೆಸರು

ನನ್ನ ಅಕ್ಕನ ಮಗ ಜರ್ಮನಿಯ ರೇಗೆನ್ಸ್‌ಬುರ್ಗ್ ಎಂಬ ಊರಿನಲ್ಲಿ ಎಂಜಿನಿಯರ್. ಎರಡು ವರ್ಷಕ್ಕೊಮ್ಮೆ ಬರುತ್ತಾನೆ. ಬಂದರೆ ಮೂರು ವಾರದ ರಜೆ. ಅದರಲ್ಲಿ ಮದುವೆಗಳು, ನೆಂಟರ ಮನೆಯ ದಾವತ್ತುಗಳು, ಬ್ಯಾಂಕಿನ ಕೆಲಸ ಎಂದು ದಿನಗಳು ಕರಗಿಹೋಗುತ್ತವೆ. ಕಳೆದ ಸಲ ಬಂದಾಗ ಗುಂಡ್ಲುಪೇಟೆಯ ತನ್ನ ಮನೆಯಲ್ಲಿ ಪೆಟ್ಟಿಗೆ ಕಟ್ಟಿಟ್ಟು, ನನಗೆ ಹೇಳಿಹೋಗಲೆಂದು ಚಾಮರಾಜನಗರಕ್ಕೆ ಬಂದು ರಾತ್ರಿ ನಮ್ಮಲ್ಲೇ ಉಳಿದ. ಮಾರನೆಯ ದಿನ ಅವನ ರಜೆಯ ಕೊನೆಯ ದಿನ. ಅದರ ಮರುದಿನ ಬೆಳಿಗ್ಗೆ ಮೈಸೂರು ಬಸ್ಸು, ಅಲ್ಲಿಂದ ಬೆಂಗಳೂರು, ವಿಮಾನ.

ರಾತ್ರಿ ಊಟವಾದ ಮೇಲೆ ಅವನು ತನ್ನ ಊರಿನ ವರ್ಣನೆ ಮಾಡಿದ. ಡ್ಯಾನ್ಯೂಬ್ ನದಿಗೆ ಅಡ್ಡಲಾಗಿ ಒಂದು ಕಲ್ಲಿನ ಸೇತುವೆ ಇದೆಯಂತೆ. 1135ರಲ್ಲಿ ಶುರುಮಾಡಿ 1146ಕ್ಕೆ ಮುಗಿಸಿದ್ದು. ಜನ ಈಗಲೂ ಅದರ ಮೇಲೆ ನಡೆದಾಡುತ್ತಾರೆ. ಹಳೆಯ ಊರನ್ನು 2006ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಹೊಸದಾಗಿ ಬಂದವರನ್ನು ಊರಿನವರೇ ಗಲ್ಲಿಗಲ್ಲಿ ತಿರುಗಿಸಿ, ಇದು ಇಂಥವರ ಮನೆ, ಇಲ್ಲಿ ಇಂಥದ್ದು ನಡೆಯಿತು ಎಂದು ತೋರಿಸುತ್ತಾರೆ. "ಅಲ್ಲಿಯ ಒಂದೊಂದು ಕಲ್ಲೂ ನನಗೆ ಗೊತ್ತು ಮಾಮು. ಇಲ್ಲಿ ಹುಟ್ಟಿ ಬೆಳೆದೆ, ಏನೂ ಗೊತ್ತಿಲ್ಲ. ತೋರಿಸೋದಕ್ಕಾದರೂ ಏನಿದೆ?" ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದ್ದರೂ ಅದರಲ್ಲಿ ನಮ್ಮದೇನಿದೆ?" ಎಂದ. ನಮ್ಮ ಮನೆಮಾತು ಉರ್ದು. ಅವನ 'ಹಮಾರಾ' ಎಂಬ ಮಾತು ಕನ್ನಡದ 'ನಮ್ಮದು' ಎಂಬುದಕ್ಕಿಂತ ಸ್ವಲ್ಪ ಹೆಚ್ಚು ಚುಚ್ಚಿತು. ಅವನೇನೂ ಸಿಟ್ಟಿನಿಂದ ಹೇಳಿದ್ದಲ್ಲ. ಬಹಳ ದಿನದಿಂದ ಒಪ್ಪಿಕೊಂಡುಬಿಟ್ಟ ಸಂಗತಿಯಂತೆ ಹೇಳಿದ. ಅದೇ ನನ್ನನ್ನು ನೋಯಿಸಿದ್ದು.

ಬೆಳಿಗ್ಗೆ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೊರಟೆ. ಇಲ್ಲಿ ಗೈಡುಗಳಿಲ್ಲ, ಟಿಕೇಟಿಲ್ಲ. ಮೈಸೂರಿನಿಂದ ಬರುವ ರೈಲಿನ ಹಳಿ ಇಲ್ಲಿಗೇ ಮುಗಿಯುತ್ತದೆ. ಭೇಟಿ ಕೊಟ್ಟರೆ ಅಧಿಕಾರ ಹೋಗುತ್ತದೆಂದು ಮುಖ್ಯಮಂತ್ರಿಗಳೇ ಬರಲು ಹೆದರುತ್ತಿದ್ದ ಊರಿದು. 2013ರಲ್ಲಿ ಮುಖ್ಯಮಂತ್ರಿಯಾದ ಸಿದ್ದರಾಮಯ್ಯನವರು ಮತ್ತೆ ಮತ್ತೆ ಬಂದು, 2018ರವರೆಗೆ ಪೂರ್ತಿ ಐದು ವರ್ಷ ಆಳಿದ ಮೇಲೆ ಆ ಮಾತಿನ ಬಿಸಿ ಆರಿತು. ಇಂಥ ಊರಿಗೆ ಪ್ರವಾಸಿಗಳು ಬಾರದಿದ್ದರೆ ಆಶ್ಚರ್ಯವೇನು?

ಮೊದಲು ಪಾರ್ಶ್ವನಾಥ ಬಸದಿಗೆ ಹೋದೆವು. ಇದನ್ನು 1117ರಲ್ಲಿ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸ ಕಟ್ಟಿಸಿದ. ಅಂದರೆ ರೇಗೆನ್ಸ್‌ಬುರ್ಗಿನ ಸೇತುವೆಗೆ ಮೊದಲ ಕಲ್ಲು ಬೀಳುವುದಕ್ಕೆ 18 ವರ್ಷ ಮುಂಚೆ. ಹುಡುಗ ಬೆರಳೆಣಿಸಿ ಲೆಕ್ಕ ಹಾಕಿ ನಕ್ಕ. ಪುಣಿಸನ ಶಾಸನ ಎರಡು ಕಾರಣಕ್ಕೆ ಪ್ರಸಿದ್ಧ. ನೀಲಗಿರಿ ಬೆಟ್ಟದ ಹೆಸರನ್ನೂ ಅಲ್ಲಿಯ ತೋದರ ಹೆಸರನ್ನೂ ಹೇಳುವ ತೀರ ಹಳೆಯ ದಾಖಲೆಗಳಲ್ಲಿ ಇದು ಒಂದು. ತೋದರನ್ನು ಹೆದರಿಸಿದ್ದು, ಕೊಂಗರನ್ನು ಅಟ್ಟಿದ್ದು, ಮಲೆಯಾಳರನ್ನು ಕೊಂದದ್ದು ಎಲ್ಲವನ್ನೂ ಅದು ಹೆಮ್ಮೆಯಿಂದ ಹೇಳುತ್ತದೆ. ಅದೇ ಶಾಸನ ಇನ್ನೊಂದು ಮಾತನ್ನೂ ಹೇಳುತ್ತದೆ: ಬಂಡವಾಳ ಕಳೆದುಕೊಂಡ ವ್ಯಾಪಾರಿಗೆ, ಬಿತ್ತಲು ಬೀಜವಿಲ್ಲದ ಒಕ್ಕಲಿಗೆ, ಅಧಿಕಾರ ಕಳೆದುಕೊಂಡ ಕಿರಾತನಿಗೆ ಪುಣಿಸ ಅವರವರು ಕಳೆದುಕೊಂಡದ್ದನ್ನು ಕೊಟ್ಟು ಸಲಹಿದನಂತೆ.

ಗೆದ್ದವರು ಬರೆಸಿದ ಶಾಸನ ಅದು. ಆದ್ದರಿಂದ ಎರಡನೆಯ ಮಾತನ್ನು ನಂಬಿ ಮೊದಲನೆಯದನ್ನು ಮರೆಯಲಾಗದು. ಮೊದಲನೆಯದನ್ನು ಹಿಡಿದು ಎರಡನೆಯದನ್ನು ಸುಳ್ಳೆನ್ನಲೂ ಆಗದು. ಒಬ್ಬನೇ ಮನುಷ್ಯ ಊರು ಸುಟ್ಟಿರಬಹುದು, ಬೀಜವನ್ನೂ ಹಂಚಿರಬಹುದು. ಆ ದಿನ ನಾವು ನೋಡಬೇಕಾಗಿದ್ದ ಉಳಿದದ್ದಕ್ಕೆಲ್ಲ ಇದೊಂದು ಪೀಠಿಕೆಯಾಗಲಿ ಎಂದು ಹುಡುಗನಿಗೆ ಹೇಳಿದೆ.

ಪುಣಿಸನ ಕಾಲದಲ್ಲಿ ಈ ಊರಿಗೆ ಅರಕೊಠಾರ ಎಂಬ ಹೆಸರಿತ್ತು. ಆಮೇಲೆ ಅದು ಅರಿಕುಠಾರ ಎಂದಾಯಿತು. ವೈರಿಗಳಿಗೆ ಕೊಡಲಿ ಎಂದು ಅದರ ಅರ್ಥ. ಚಾಮರಾಜನಗರ ಎಂಬ ಹೆಸರು ಬಂದದ್ದು 1818ರಲ್ಲಿ. ಆ ಹೆಸರು ಬರಲು ಕಾರಣನಾದವನು ಯಾರು ಎಂದು ಹುಡುಗನನ್ನು ಕೇಳಿದೆ. "ಯಾರೋ ರಾಜರು" ಎಂದ. ರಾಜರು ಹೌದು. ಆದರೆ ಆ ರಾಜರನ್ನು ಆರಿಸಿದವನು ಹೈದರಾಲಿ.

ಕಥೆ ಹೀಗಿದೆ. 1776ರಲ್ಲಿ ಮೈಸೂರಿನ ಗಾದಿಯಲ್ಲಿದ್ದ ಬೆಟ್ಟದ ಚಾಮರಾಜ ಒಡೆಯರು ತೀರಿಕೊಂಡರು. ಅವರಿಗೆ ಮಕ್ಕಳಿರಲಿಲ್ಲ. ರಾಜ್ಯದ ಚುಕ್ಕಾಣಿ ಹೈದರನ ಕೈಯಲ್ಲಿ ಬಂದು ಆಗಲೇ 15 ವರ್ಷವಾಗಿತ್ತು. ಆದರೂ ಅವನು ತಾನೇ ಸಿಂಹಾಸನ ಹತ್ತಲಿಲ್ಲ. ಅರಸು ಮನೆತನಗಳ ಮಕ್ಕಳನ್ನೆಲ್ಲ ಒಂದು ಸಭಾಂಗಣಕ್ಕೆ ಕರೆಸಿದ. ನೆಲದ ಮೇಲೆ ಹಣ್ಣು, ಮಿಠಾಯಿ, ಹೂವು, ಒಡವೆ, ಆಟದ ಸಾಮಾನು, ಆಯುಧಗಳನ್ನು ಹರಡಿಸಿದ. ಮಕ್ಕಳು ತಮತಮಗೆ ಬೇಕಾದದ್ದಕ್ಕೆ ಮುಗಿಬಿದ್ದವು. ಒಂದು ಮಗು ಮಾತ್ರ ಹೊಳೆಯುವ ಸಣ್ಣ ಕಠಾರಿಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ನಿಂಬೆಹಣ್ಣನ್ನು ಎತ್ತಿಕೊಂಡಿತು. ಹೈದರ್ ಆ ಮಗುವನ್ನು ತಬ್ಬಿಕೊಂಡು ಇವನೇ ರಾಜ ಎಂದ. ಅದು ಅರಿಕುಠಾರದ ದೇವರಾಜ ಅರಸರ ಮಗ. 1774ರಲ್ಲಿ ಹುಟ್ಟಿದ್ದು. ಎರಡು ವರ್ಷದ ಕೂಸು.

ಈ ಕಥೆಯನ್ನು ಬರೆದಿಟ್ಟವನು ಮಾರ್ಕ್ ವಿಲ್ಕ್ಸ್ ಎಂಬ ಇಂಗ್ಲಿಷ್ ಸೇನಾಧಿಕಾರಿ. ಮೈಸೂರಿನಲ್ಲಿ ಕಂಪನಿಯ ರೆಸಿಡೆಂಟನಾಗಿದ್ದವನು. ಅವನ ಚರಿತ್ರೆಯ ಸಂಪುಟಗಳು 1810ರಿಂದ 1817ರೊಳಗೆ ಲಂಡನ್ನಿನಲ್ಲಿ ಅಚ್ಚಾದವು. ಹೈದರ್ ಮತ್ತು ಟಿಪ್ಪುವನ್ನು ಪರರ ಸೊತ್ತು ಕಬಳಿಸಿದವರೆಂದು ತೋರಿಸುವುದು ಆಗ ಕಂಪನಿಗೆ ಬೇಕಾಗಿತ್ತು. ಕದ್ದವರಿಂದ ಕಸಿದು ಒಡೆಯರಿಗೆ ಹಿಂತಿರುಗಿಸಿದೆವು ಎಂದು ಹೇಳಿಕೊಳ್ಳಲು ಅದು ಅನುಕೂಲ. ಅಂಥ ಲೇಖಕನ ಕೈಯಲ್ಲೂ ಈ ಪ್ರಸಂಗ ಉಳಿದಿದೆ. ಮಗುವಿನ ಕೈಗೆ ನಿಜವಾಗಿ ನಿಂಬೆಹಣ್ಣು ಸಿಕ್ಕಿತೇ ಎಂಬುದು ನನಗೆ ಮುಖ್ಯವಲ್ಲ. ಆರಿಸಿದವನು ಹೈದರ್, ಆರಿಸಲ್ಪಟ್ಟದ್ದು ಈ ಊರಿನ ಮಗು ಎಂಬುದರಲ್ಲಿ ಅನುಮಾನವಿಲ್ಲ.

ಆ ಮಗುವೇ ಖಾಸಾ ಚಾಮರಾಜ ಒಡೆಯರು. ಉರ್ದು ಶಾಲೆಯಲ್ಲಿ ಓದಿದ ನನಗೆ ಈ 'ಖಾಸಾ' ಎಂಬ ಮಾತು ಸುಮ್ಮನೆ ದಾಟಿಹೋಗಲು ಬಿಡುವುದಿಲ್ಲ. ಖಾಸ್ ಎಂದರೆ ತನ್ನದು, ವಿಶೇಷವಾದದ್ದು. ಮೈಸೂರಿನ ಅರಸರೊಬ್ಬರ ಹೆಸರಿನ ಮುಂದೆಯೇ ಅರಬ್ಬಿ ಮೂಲದ ಪದವೊಂದು ಕೂತಿದೆ. ಯಾರಿಗೂ ಅದು ಹೊರಗಿನದೆಂದು ಅನ್ನಿಸಿಲ್ಲ. ಜಿಲ್ಲೆ, ತಾಲ್ಲೂಕು, ಜಮೀನು, ರೈತ ಇವೂ ಹಾಗೆಯೇ ಬಂದ ಮಾತುಗಳು. ಚಾಮರಾಜನಗರ ಜಿಲ್ಲೆಯ ರೈತ ಎನ್ನುವಾಗ ಎಷ್ಟು ಮಾತು ಎಲ್ಲಿಂದ ಬಂದವು ಎಂದು ಯಾರು ಎಣಿಸುತ್ತಾರೆ?

ಹುಡುಗನ ಮುಖ ಅರಳಿತು. "ಹಾಗಾದರೆ ಇದು ನಮ್ಮದೂ ಹೌದು" ಎಂದ. ಅಷ್ಟು ಸುಲಭವಾಗಿ ಅಲ್ಲ, ಪೂರ್ತಿ ಕೇಳು ಎಂದೆ.

ಯಾಕೆಂದರೆ ಕಥೆಯ ಉಳಿದ ಭಾಗ ಸಿಹಿಯಾಗಿಲ್ಲ. ಬೆಟ್ಟದ ಚಾಮರಾಜರಿಗಿಂತ ಮೊದಲು ಗಾದಿಯಲ್ಲಿದ್ದ ನಂಜರಾಜ ಒಡೆಯರನ್ನು 1770ರಲ್ಲಿ ಹೈದರನ ಅಪ್ಪಣೆಯಂತೆ ಕೊಲ್ಲಲಾಯಿತೆಂದು ಅದೇ ವಿಲ್ಕ್ಸ್ ಬರೆಯುತ್ತಾನೆ. ಖಾಸಾ ಚಾಮರಾಜರಿಗೂ ದಸರೆಯ ದಿನಗಳ ಮರ್ಯಾದೆ ಇತ್ತೇ ಹೊರತು ಅಧಿಕಾರವಿರಲಿಲ್ಲ. 1782ರಲ್ಲಿ ಹೈದರ್ ತೀರಿಕೊಂಡ. 1796ರಲ್ಲಿ, 22ನೆಯ ವಯಸ್ಸಿನಲ್ಲಿ, ಚಾಮರಾಜರೂ ತೀರಿಕೊಂಡರು. ಟಿಪ್ಪು ಆ ಸ್ಥಾನಕ್ಕೆ ಮತ್ತೆ ಯಾರನ್ನೂ ಕೂರಿಸಲಿಲ್ಲ. ಶ್ರೀರಂಗಪಟ್ಟಣದ ಅರಮನೆಯಿಂದ ರಾಜಕುಟುಂಬವನ್ನು ಹೊರಡಿಸಿ ಒಂದು ಸಾಧಾರಣ ಮನೆಯಲ್ಲಿ ಇರಿಸಲಾಯಿತು. ಚಾಮರಾಜರ ಮಗ ಮುಮ್ಮಡಿ ಕೃಷ್ಣರಾಜರು ಹುಟ್ಟಿದ್ದು 1794ರಲ್ಲಿ. ತಂದೆ ಹೋದಾಗ ಅವರಿಗೂ ಎರಡು ವರ್ಷ ತುಂಬಿರಲಿಲ್ಲ.

ಟಿಪ್ಪುವಿನ ಅಭಿಮಾನಿಗಳಾದ ನಾವು ಸಾಮಾನ್ಯವಾಗಿ ಈ ಪುಟವನ್ನು ಮಗುಚಿ ಮುಂದೆ ಹೋಗುತ್ತೇವೆ. ಟಿಪ್ಪುವನ್ನು ದ್ವೇಷಿಸುವವರು ಈ ಪುಟವೊಂದನ್ನೇ ಹರಿದು ಇಟ್ಟುಕೊಂಡು 1776ರ ಪುಟವನ್ನು ಬಿಸಾಕುತ್ತಾರೆ. ಇಬ್ಬರೂ ಮಾಡುವುದು ಒಂದೇ ಕೆಲಸ. ಈ ಚರಿತ್ರೆಯಲ್ಲಿ ಕೆಡುಕು ಒಂದೇ ಕಡೆಗೆ ಇರಲಿಲ್ಲ. 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದವಾದಾಗ ಕಾರ್ನ್‌ವಾಲಿಸ್ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕೊಂಡೊಯ್ದ. ಅಬ್ದುಲ್ ಖಾಲಿಕನಿಗೆ ಸುಮಾರು 10 ವರ್ಷ, ಮುಯಿಜುದ್ದೀನನಿಗೆ ಸುಮಾರು 8. ಇಂಗ್ಲಿಷ್ ಚಿತ್ರಕಾರರು ಆ ದೃಶ್ಯವನ್ನು ಮತ್ತೆ ಮತ್ತೆ ಬರೆದರು. ಕಾರ್ನ್‌ವಾಲಿಸ್ ಆ ಮಕ್ಕಳ ತಂದೆಯೋ ಎಂಬಂತೆ ಕೈಚಾಚಿ ನಿಂತಿರುತ್ತಾನೆ. 1799ರ ಮೇ 4ರಂದು ಟಿಪ್ಪು ಕೋಟೆಯಲ್ಲಿ ಮಡಿದ. ಜೂನ್ 30ರಂದು ಐದು ವರ್ಷವೂ ತುಂಬದ ಕೃಷ್ಣರಾಜರನ್ನು ಮೈಸೂರಿನಲ್ಲಿ ಪಟ್ಟಕ್ಕೆ ಕೂರಿಸಿದರು. ಟಿಪ್ಪುವಿನ ಮಕ್ಕಳನ್ನು ವೆಲ್ಲೂರಿಗೆ ಸಾಗಿಸಿದರು. 1806ರ ವೆಲ್ಲೂರು ದಂಗೆಯ ನಂತರ ಕಲ್ಕತ್ತೆಗೆ. ದೊಡ್ಡವರ ಜಗಳದಲ್ಲಿ ಎತ್ತಿ ಕೂರಿಸಿದ್ದೂ ಮಕ್ಕಳನ್ನೇ, ಎತ್ತಿ ಒಯ್ದದ್ದೂ ಮಕ್ಕಳನ್ನೇ.

ಮಾತಾಡುತ್ತ ಚಾಮರಾಜೇಶ್ವರ ದೇವಸ್ಥಾನದ ಮುಂದೆ ಬಂದಿದ್ದೆವು. ತನ್ನ ತಂದೆ ಹುಟ್ಟಿದ ಊರು ಇದೆಂದು ತಿಳಿದು ಮುಮ್ಮಡಿ ಕೃಷ್ಣರಾಜರು 1818ರಲ್ಲಿ ಅರಿಕುಠಾರಕ್ಕೆ ತಂದೆಯ ಹೆಸರಿಟ್ಟರು. 1826ರಲ್ಲಿ ಈ ದೇವಸ್ಥಾನ ಕಟ್ಟಿಸಿದರು. ಇಲ್ಲಿಯ ಶಿವನಿಗೆ ತಂದೆಯ ಹೆಸರು. ಪಕ್ಕದ ಗುಡಿಯ ಅಮ್ಮನಿಗೆ ಕೆಂಪನಂಜಾಂಬ ಎಂದು ತಾಯಿಯ ಹೆಸರು. ಸುತ್ತಲಿನ ಗುಡಿಸಾಲಿನಲ್ಲಿ ಅರಮನೆಯವರ ಹೆಸರಿನ ಲಿಂಗಗಳು. ಊರಿನ ಇನ್ನೊಂದು ಕಡೆ, ತಂದೆ ಹುಟ್ಟಿದ ಜಾಗವೆಂದು ಜನನ ಮಂಟಪ. ಒಬ್ಬ ಮಗ ತನಗೆ ಮುಖವೇ ನೆನಪಿಲ್ಲದ ತಂದೆಯನ್ನು ಒಂದು ಊರಿನ ತುಂಬ ಹುಡುಕಿದ ಹಾಗಿದೆ ಇದೆಲ್ಲ.

ಆಷಾಢದಲ್ಲಿ ಇಲ್ಲಿ ತೇರು. ಆಷಾಢವೆಂದು ತವರಿಗೆ ಹೋದ ಹೊಸ ಮದುಮಗಳು ಗಂಡನನ್ನು ಕಾಣುವುದು ಈ ತೇರಿನಲ್ಲಿ. ಜೋಡಿಗಳು ಹಣ್ಣು-ಜವನ ಎಸೆದು ಕೈಮುಗಿಯುತ್ತಾರೆ. ಚಿಕ್ಕಂದಿನಲ್ಲಿ ನಾವೂ ಪೀಪಿ, ಕಡ್ಲೆಪುರಿಗಾಗಿ ಈ ಜಾತ್ರೆಗೆ ಬರುತ್ತಿದ್ದೆವು. 2017ರಲ್ಲಿ ಕಿಡಿಗೇಡಿಯೊಬ್ಬ ಹಚ್ಚಿದ ಬೆಂಕಿಗೆ ತೇರು ಸುಟ್ಟಿತು. ವರ್ಷಗಟ್ಟಲೆ ರಥೋತ್ಸವ ನಿಂತು, ಹೊಸ ತೇರು ಸಿದ್ಧವಾದ ಮೇಲೆ 2022ರಲ್ಲಿ ಮತ್ತೆ ನಡೆಯಿತು. ಆ ವರ್ಷಗಳಲ್ಲಿ ಮದುವೆಯಾದ ಜೋಡಿಗಳ ಪಾಡೇನು ಎಂದು ಊರಿನವರು ತಮಾಷೆ ಮಾಡುತ್ತಿದ್ದರು. ತಮಾಷೆಯ ಒಳಗೆ ನೋವೂ ಇತ್ತು.

ಆವರಣದಲ್ಲಿ ಕಲ್ಲುಬೆಂಚಿನ ಮೇಲೆ ಕೂತಾಗ ಹುಡುಗ ರೇಗೆನ್ಸ್‌ಬುರ್ಗಿನ ಇನ್ನೊಂದು ಜಾಗದ ವಿಷಯ ಹೇಳಿದ. ಅಲ್ಲಿ ಶತಮಾನಗಳಿಂದ ಯಹೂದಿಗಳಿದ್ದರು. 1519ರಲ್ಲಿ ಊರಿನವರು ಅವರನ್ನು ಓಡಿಸಿ, ಅವರ ಪ್ರಾರ್ಥನಾ ಮಂದಿರವನ್ನು ಕೆಡವಿ, ಅಲ್ಲಿ ಚರ್ಚು ಕಟ್ಟಿದರು. 2005ರಲ್ಲಿ ಅದೇ ಚೌಕದಲ್ಲಿ, ಕೆಡವಿದ ಮಂದಿರದ ಅಡಿಪಾಯದ ಆಕಾರವನ್ನು ಬಿಳಿಯ ಕಾಂಕ್ರೀಟಿನಲ್ಲಿ ಮೂಡಿಸಿದ್ದಾರೆ. ಮಾಡಿದವನು ದಾನಿ ಕರವಾನ್ ಎಂಬ ಇಸ್ರೇಲಿನ ಶಿಲ್ಪಿ. ಜನ ಅದರ ಮೇಲೆ ಕೂತು ಐಸ್‌ಕ್ರೀಮ್ ತಿನ್ನುತ್ತಾರೆ, ಮಕ್ಕಳು ಕುಣಿಯುತ್ತವೆ. "ಊರು ತೋರಿಸಿದವರು ಸೇತುವೆಯಷ್ಟೇ ನಿಧಾನವಾಗಿ ಅದನ್ನೂ ತೋರಿಸಿದರು ಮಾಮು. ಮುಚ್ಚಿಡಲಿಲ್ಲ" ಎಂದ. ನಾನು ಹೇಳಲು ತಡಕಾಡುತ್ತಿದ್ದುದನ್ನು ಅವನೇ ಹೇಳಿದ್ದ. ಹೆಮ್ಮೆಪಡುವಂಥದ್ದು ಸಿಕ್ಕಾಗ ಮಾತ್ರ ಊರು ನಮ್ಮದಾಗುವುದಿಲ್ಲ. ನಾಚಿಕೆಯ ಸಂಗತಿಗೂ ಹೆಗಲು ಕೊಟ್ಟಾಗ ಪೂರ್ತಿ ನಮ್ಮದಾಗುತ್ತದೆ.

ಮಧ್ಯಾಹ್ನ ಗುಂಡ್ಲುಪೇಟೆಯ ಕಡೆ ಹೊರಟೆವು. ದಾರಿಯಲ್ಲಿ ತೆರಕಣಾಂಬಿ. ಒಂದು ಕಾಲಕ್ಕೆ ನಾಡಿನ ಮುಖ್ಯ ಪಟ್ಟಣ. ಹಳೆಯ ಗುಡಿಗಳು ಈಗಲೂ ಅದನ್ನು ಹೇಳುತ್ತವೆ. ಗುಂಡ್ಲುಪೇಟೆಗೆ ಹಿಂದೆ ವಿಜಯಪುರ ಎಂಬ ಹೆಸರಿತ್ತು. ಅಲ್ಲಿಯ ವಿಜಯನಾರಾಯಣನ ಗುಡಿ ಆ ಹೆಸರಿನ ನೆನಪು. ಸುಲ್ತಾನ್ ಬತ್ತೇರಿಗೆ ಹೋಗುವ ರಸ್ತೆ ಒಡೆಯುವುದೂ ಇಲ್ಲಿಂದಲೇ. ಟಿಪ್ಪುವಿನ ಫಿರಂಗಿ ಠಾಣೆಯಿಂದ ಆ ಊರಿಗೆ ಆ ಹೆಸರು ಬಂತು. ಮಳೆಗಾಲದಲ್ಲಿ ಈ ರಸ್ತೆಯ ಇಕ್ಕೆಲದ ಚೆಂಡುಹೂ, ಸೂರ್ಯಕಾಂತಿ ಹೊಲಗಳಲ್ಲಿ ಫೋಟೊ ತೆಗೆಸಿಕೊಳ್ಳಲು ಕೇರಳದ ಜನ ಕಾರು ನಿಲ್ಲಿಸುತ್ತಾರೆ.

ಗುಂಡ್ಲುಪೇಟೆಯಲ್ಲೂ ಒಬ್ಬ ಮಗನಿದ್ದಾನೆ. ಚಿಕ್ಕದೇವರಾಜ ಒಡೆಯರು. 1673ರಲ್ಲಿ ಪಟ್ಟಕ್ಕೆ ಬರುವ ಮೊದಲು, ಚಿಕ್ಕಪ್ಪ ಆಳುತ್ತಿದ್ದ ಕಾಲದಲ್ಲಿ, ಅವರನ್ನು ಊಟಿ ರಸ್ತೆಯಲ್ಲಿರುವ ಹಂಗಳದಲ್ಲಿ ಕಾವಲಿನಲ್ಲಿ ಇರಿಸಲಾಗಿತ್ತು. ಆಮೇಲೆ ಅವರು ಮೈಸೂರನ್ನು ದೊಡ್ಡ ರಾಜ್ಯ ಮಾಡಿದರು. ಹದಿನೆಂಟು ಕಚೇರಿಗಳನ್ನು ಏರ್ಪಡಿಸಿದ 'ಅಠಾರಾ ಕಚೇರಿ' ಅವರದೇ. ಈ ಹೆಸರಿನಲ್ಲೂ ನಮ್ಮ ಮನೆಮಾತಿನ ಸದ್ದು ಕೇಳಿಸುತ್ತದೆ. ಅವರು ತಂದೆಯ ನೆನಪಿಗೆ ಗುಂಡ್ಲುಪೇಟೆಯಲ್ಲಿ ಪರವಾಸುದೇವರ ಗುಡಿ ಕಟ್ಟಿಸಿದರು. ಹೀಗೆ ಒಂದೂವರೆ ಶತಮಾನದ ಅಂತರದಲ್ಲಿ, ಒಂದು ಗಂಟೆ ಪ್ರಯಾಣದ ಎರಡು ಊರುಗಳಲ್ಲಿ, ಇಬ್ಬರು ಮಕ್ಕಳು ಇಬ್ಬರು ತಂದೆಯರಿಗೆ ಗುಡಿ ಕಟ್ಟಿದ್ದಾರೆ. ಇಬ್ಬರೂ ಕೈಯಲ್ಲಿ ಅಧಿಕಾರವಿಲ್ಲದ ಎಳವೆಯನ್ನು ಕಂಡವರು.

ಸಂಜೆ ಅಕ್ಕನ ಮನೆ ತಲುಪಿದಾಗ ಅವಳು ಬಾಗಿಲಲ್ಲೇ ಗದರಿದಳು: "ನಾಳೆ ಹೋಗೋ ಹುಡುಗನನ್ನ ಬಿಸಿಲಲ್ಲಿ ಊರೂರು ಅಲೆಸ್ತೀಯಲ್ಲ!" ಚಹಾ ಕುಡಿಯುತ್ತ ಹುಡುಗ ಆ ದಿನ ನೋಡಿದ್ದನ್ನೆಲ್ಲ ಹೇಳಿದ. ಮೂಲೆಯಲ್ಲಿ ಮಂಚದ ಮೇಲಿದ್ದ ಅವನ ದಾದಿ ಎಲ್ಲವನ್ನೂ ಕೇಳಿಸಿಕೊಂಡು, "ರಾಜರದ್ದೆಲ್ಲ ತೋರಿಸಿದ. ನಜೀರ್ ಸಾಬರದ್ದು ತೋರಿಸಿದನಾ?" ಎಂದರು.

ನನಗೆ ನಾಚಿಕೆಯಾಯಿತು. ಇಡೀ ದಿನ ಕಲ್ಲಿನ ಕಟ್ಟಡಗಳನ್ನೇ ಹುಡುಕಿದ ನಾನು ಈ ಹೆಸರನ್ನು ಮರೆತಿದ್ದೆ. ಅಬ್ದುಲ್ ನಜೀರ್ ಸಾಬರು ಇದೇ ಗುಂಡ್ಲುಪೇಟೆಯವರು. 1983ರಲ್ಲಿ ಬಂದ ರಾಮಕೃಷ್ಣ ಹೆಗಡೆಯವರ ಸರಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಮಂತ್ರಿಯಾಗಿದ್ದರು. ಬರದಿಂದ ಕೆರೆ ಬಾವಿ ಬತ್ತಿದ್ದ ವರ್ಷಗಳಲ್ಲಿ ಹಳ್ಳಿಹಳ್ಳಿಗೆ ಕೊಳವೆ ಬಾವಿ ಕೊರೆಸಿ ಕೈಪಂಪು ಹಾಕಿಸಿದರು. ಜನ ಅವರನ್ನು 'ನೀರ್ ಸಾಬ್' ಎಂದು ಕರೆದರು. ಸರಕಾರ ಕೊಟ್ಟ ಬಿರುದಲ್ಲ ಅದು. ಬಿಂದಿಗೆ ಹಿಡಿದು ನಿಂತ ಹೆಂಗಸರು ಇಟ್ಟ ಹೆಸರು. ಅವರು ರೂಪಿಸಿದ ಕಾಯ್ದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳ ಚುನಾವಣೆ ನಡೆಯಿತು. ಹೆಂಗಸರಿಗೆ ನೂರಕ್ಕೆ 25 ಸ್ಥಾನ ಮೀಸಲಾಗಿತ್ತು. ಇಡೀ ದೇಶಕ್ಕೆ ಅನ್ವಯಿಸುವ ಪಂಚಾಯತ್ ರಾಜ್ ತಿದ್ದುಪಡಿ ಸಂವಿಧಾನದಲ್ಲಿ ಜಾರಿಗೆ ಬಂದದ್ದು 1993ರಲ್ಲಿ. ಅದನ್ನು ನೋಡಲು ನಜೀರ್ ಸಾಬರು ಇರಲಿಲ್ಲ, 1988ರಲ್ಲಿ ತೀರಿಕೊಂಡಿದ್ದರು. ಮೈಸೂರಿನ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆಗೆ ಅವರ ಹೆಸರಿಟ್ಟಿದ್ದಾರೆ.

ದಾದಿ ಹೇಳುತ್ತಿದ್ದರು: "ಆಗ ಎರಡು ಮೈಲಿ ನಡೆದು ನೀರು ತರ್ತಿದ್ವಿ. ಪಂಪು ಬಂದ ದಿನ ಬೀದಿಯವರೆಲ್ಲ ಬಂದು ಒಬ್ಬೊಬ್ಬರೇ ಹ್ಯಾಂಡಲ್ ಒತ್ತಿ ನೋಡಿದರು. ಗೌಡರ ಹೆಂಡ್ತಿನೂ, ನಾನೂ, ಹೊಲಗೇರಿಯೋರೂ, ಎಲ್ಲ ಒಂದೇ ಪಂಪು."

ಪುಣಿಸನ ಶಾಸನ ನೆನಪಾಯಿತು. ಬೀಜವಿಲ್ಲದವನಿಗೆ ಬೀಜ ಕೊಟ್ಟೆನೆಂದು ದಂಡನಾಯಕ ಕಲ್ಲಿನಲ್ಲಿ ಬರೆಸಿದ. ನೀರಿಲ್ಲದವರಿಗೆ ನೀರು ಕೊಟ್ಟವರ ವಿಷಯ ಹೀಗೆ ಮುದುಕಿಯರ ಬಾಯಲ್ಲಿ ಉಳಿದಿದೆ. ಕಲ್ಲಿಗೆ 900 ವರ್ಷದ ಆಯಸ್ಸು. ಈ ಬಾಯಿಗಳಿಗೆ ಅಷ್ಟಿಲ್ಲ. ಇವರ ನಂತರ ಹೇಳುವವರು ಯಾರು? ನಾವು ಹೇಳದಿದ್ದರೆ, 'ಇಲ್ಲಿ ನಮ್ಮದೇನಿದೆ' ಎಂದು ಕೇಳುವ ಮಕ್ಕಳು ಮನೆಮನೆಯಲ್ಲೂ ಹುಟ್ಟುತ್ತಾರೆ. ಆಗ ಉತ್ತರ ಕೊಡಲು ಬೇರೆಯವರು ಸಿದ್ಧರಿರುತ್ತಾರೆ. ಏನೂ ಇಲ್ಲ ಎಂಬುದೇ ಅವರ ಉತ್ತರ.

ಕತ್ತಲಾಗುವ ಮುಂಚೆ ಹುಡುಗ ಬೀದಿಯ ತುದಿಗೆ ಹೋದ. ಹಳೆಯ ಕೈಪಂಪು ಈಗ ಕೆಲಸ ಮಾಡುವುದಿಲ್ಲ. ಪಕ್ಕದಲ್ಲೇ ಮೋಟಾರು, ಸಿಮೆಂಟಿನ ತೊಂಬೆ ಬಂದಿದೆ. ತುಕ್ಕು ಹಿಡಿದ ಹ್ಯಾಂಡಲ್ ಮೇಲೆ ಯಾರೋ ಟವೆಲ್ ಒಣಗಲು ಹಾಕಿದ್ದರು. ಅವನು ಟವೆಲ್ ಸರಿಸಿ, ಹ್ಯಾಂಡಲನ್ನು ಎರಡು ಸಲ ಒತ್ತಿ ನೋಡಿ, ಮತ್ತೆ ಟವೆಲನ್ನು ಮೊದಲಿನಂತೆ ಹಾಕಿ ಬಂದ.

ರಾತ್ರಿ ಉಪ್ಪಿನಕಾಯಿ ಡಬ್ಬಿಗೆ ಪ್ಲಾಸ್ಟಿಕ್ ಸುತ್ತುತ್ತಿದ್ದಾಗ ಕೇಳಿದ: "ಮಾಮು, ಆ ಎರಡು ವರ್ಷದ ಮಗು, ರಾಜ ಅಂತ ಎತ್ತಿಕೊಂಡು ಹೋದಾಗ ಅಮ್ಮ ಬೇಕು ಅಂತ ಅತ್ತಿರಬೇಕು ಅಲ್ವಾ?"

ಅದನ್ನು ವಿಲ್ಕ್ಸ್ ಬರೆದಿಲ್ಲ. ಅತ್ತೇ ಇರುತ್ತದೆ ಎಂದೆ.